ಗಾಳದಕ್ಕನ ಮೇಜು

ಗಾಳದಕ್ಕ ಹತ್ತೊಂಬತ್ತು ವರ್ಷಗಳಿಂದ ಮೀನಿಗೆ ಗಾಳ ಹಾಕುತ್ತಿದ್ದಳು. ಆದರೆ ಒಂದು ದಿನವೂ ನೀರಿಗೆ ಗಾಳ ಹಾಕಿದವಳಲ್ಲ. ಹುಬ್ಬೇರಿಸಬೇಡಿ, ಹೇಳುತ್ತೇನೆ. ಅವಳ ಕೆಲಸ ಹುಸಿಮೀನಿನ ಕಾರ್ಖಾನೆಯಲ್ಲಿ. ಬೆರಳುದ್ದದ ಪ್ಲಾಸ್ಟಿಕ್ ಮೀನು. ಬೆನ್ನು ಹಸಿರು, ಹೊಟ್ಟೆ ಬೆಳ್ಳಿ, ಕಣ್ಣು ಕೆಂಪು. ದಾರಕ್ಕೆ ಕಟ್ಟಿ ನೀರಿಗೆಸೆದು ಎಳೆದರೆ ಬಾಲ ಕುಣಿಸುತ್ತ ಬರುತ್ತದೆ. ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಿ ಕೆಡುತ್ತದೆ. ಅಂಗಡಿಯವರು ಅದನ್ನು ಲ್ಯೂರ್ ಎನ್ನುತ್ತಾರೆ. ಕಾರ್ಖಾನೆಯ ಹೆಂಗಸರಿಗೆ ಮಾತ್ರ ಅದು ಮರಿ. ಮರಿ ಅಚ್ಚಿನಿಂದ ಹೊರಬಿದ್ದು, ಒಂದು ಕಡೆ ಬಣ್ಣ ಬಳಿಸಿಕೊಂಡು, ಇನ್ನೊಂದು ಕಡೆ ಕಣ್ಣು ಅಂಟಿಸಿಕೊಂಡು, ಕೊನೆಗೆ ಕಿಟಕಿ ಪಕ್ಕದ ಉದ್ದ ಮೇಜಿಗೆ ಬರುತ್ತದೆ. ಅಲ್ಲಿ ಅದರ ಹೊಟ್ಟೆಗೊಂದು, ಬಾಲಕ್ಕೊಂದು ಗಾಳ ಬೀಳಬೇಕು. ಆ ಮೇಜಿಗೆ ಆರು ಜನ ಹೆಂಗಸರು. ಅವರಲ್ಲಿ ಕೈಯೂ ಚುರುಕು, ಬಾಯಿಯೂ ಚುರುಕು ಅಂದರೆ ನಮ್ಮ ಗಾಳದಕ್ಕನೇ.

ಗಾಳ ಎಂದರೆ ಮೂರು ಮೊನೆಯದು. ಬೇರೆ ಎಲ್ಲಿಂದಲೋ ಪೆಟ್ಟಿಗೆಗಟ್ಟಲೆ ಬರುತ್ತಿತ್ತು. ಒಂದೊಂದನ್ನೂ ಎತ್ತಿಕೊಂಡು ಮೊನೆಯನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುವುದು ಆ ಮೇಜಿನ ಪದ್ಧತಿ. ಉಗುರಿಗೆ ಕಚ್ಚಿಕೊಂಡರೆ ಪಾಸು, ಜಾರಿದರೆ ಮೊಂಡು, ಎಸೆ ಆಚೆ. ಆಮೇಲೆ ಇಕ್ಕಳದಿಂದ ಸಣ್ಣ ಉಕ್ಕಿನ ಉಂಗುರ ಬಿಡಿಸಿ, ಗಾಳ ತೂರಿಸಿ, ಮರಿಗೆ ಸಿಕ್ಕಿಸಿದರೆ ಮುಗಿಯಿತು. ಗಾಳದಕ್ಕನ ಕೈ ದಾಟಿ ಒಂದೇ ಒಂದು ಮೊಂಡು ಗಾಳ ಹೊರಗೆ ಹೋಗಿದ್ದಿಲ್ಲ. ಅದೊಂದು ಜಂಬ ಅವಳಿಗೆ. ಇರಲಿ ಬಿಡಿ, ಹತ್ತೊಂಬತ್ತು ವರ್ಷ ದುಡಿದವಳಿಗೆ ಅಷ್ಟೂ ಜಂಬ ಬೇಡವೇ?

ಅವಳ ತಮ್ಮ ಬಸ್ಸು ಓಡಿಸುವವನು. ಅಕ್ಕನ ಮನೆಯ ಮಹಡಿ ಮೇಲೆ ಅವನ ಸಂಸಾರ. ರಜೆ ಸಿಕ್ಕಿತೋ, ಗಾಳದ ಕೋಲು ಹೆಗಲಿಗೇರಿಸಿ ಊರಾಚೆಯ ಕೆರೆಗೆ ಹೊರಟ. ಕಂಪನಿಯವರು ವರ್ಷಕ್ಕೊಮ್ಮೆ ಕೆಲಸದವರಿಗೆ ಹತ್ತು ಮರಿ ಕೊಡುತ್ತಿದ್ದರು. ಗಾಳದಕ್ಕ ಅವನ್ನು ಮುಟ್ಟದೆ ತಮ್ಮನ ಕೈಗಿಡುತ್ತಿದ್ದಳು. ಈ ವರ್ಷದ ಹತ್ತನ್ನು ಕೊಟ್ಟು ಎರಡು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಮಹಡಿ ಹತ್ತಿ ನೋಡುತ್ತಾಳೆ, ತಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇಕ್ಕಳ ಹಿಡಿದು, ಮರಿಗಳ ಗಾಳ ಕೀಳುತ್ತಿದ್ದಾನೆ! ಕಿತ್ತದ್ದನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಎಸೆಯುತ್ತಿದ್ದಾನೆ.

"ಏನೋ ಮಾಡ್ತಿದೀಯಾ?"

ಅವನು ಬೆಚ್ಚಿಬಿದ್ದ. "ಏನಿಲ್ಲ ಅಕ್ಕ. ಗಾಳ ಬದಲಾಯಿಸ್ತಿದೀನಿ."

"ಯಾಕೆ, ಇದಕ್ಕೇನು ರೋಗ ಬಂದಿದೆ? ಮೊನೆ ಮೊಂಡಾಗಿದ್ಯಾ? ಒಂದು ಮೊಂಡು ತೋರ್ಸು ನೋಡೋಣ."

"ಮೊನೆಗೇನೂ ಅನ್ನೋ ಹಾಗಿಲ್ಲ. ತಂತಿ ತೆಳು ಅಕ್ಕ. ನಾಲ್ಕು ಕಿಲೋ ಮೀನು ಬಾಯಿ ಮುಚ್ಚಿದ್ರೆ ನಿನ್ನ ಗಾಳ ಬಾಯಿ ತೆರೆಯತ್ತೆ."

ಗಾಳದಕ್ಕ ಡಬ್ಬ ಎತ್ತಿ ನೋಡಿದಳು. ಭಾರವಿತ್ತು. ಒಳಗೆ ನೂರಕ್ಕೂ ಮೀರಿದ ಗಾಳ ಒಂದಕ್ಕೊಂದು ಸಿಕ್ಕಿಕೊಂಡು ಮುದ್ದೆಯಾಗಿ ಬಿದ್ದಿದ್ದವು. ಎಲ್ಲ ಹೊಸವು, ನೀರೇ ಕಾಣದವು. "ಇಷ್ಟೂ ನಾವು ಹಾಕಿದ್ದಾ?" ಎಂದಳು.

ತಮ್ಮನಿಗೆ ಈಗ ಸುಳ್ಳು ಹೇಳಲು ದಾರಿ ಇರಲಿಲ್ಲ. "ಐದಾರು ವರ್ಷದ್ದು. ನಾನೊಬ್ಬನೇ ಅಲ್ಲಕ್ಕ, ನಮ್ಮ ಗುಂಪಲ್ಲಿ ಎಲ್ರೂ ಹೀಗೇ. ಪ್ಯಾಕೆಟ್ ಒಡೆದ ಕೂಡ್ಲೆ ಮೊದಲ ಕೆಲಸ ಇದೇ. ನಿನಗೆ ಬೇಜಾರಾಗತ್ತೆ ಅಂತ ಹೇಳಿರ್ಲಿಲ್ಲ."

ಬೇಜಾರೇ? ಡಬ್ಬವನ್ನು ನೆಲಕ್ಕೆ ಕುಕ್ಕಿದಳು ಅವಳು. ಧಡಧಡ ಕೆಳಗಿಳಿದು ಬಂದಳು. ಗಂಡ ಹಾಸಿಗೆ ಮೇಲೆ ಅಂಗಾತ ಮಲಗಿದ್ದ. ಅವನ ಬೆನ್ನು ಕೈಕೊಟ್ಟು ಐದು ವರ್ಷ. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಿಂದಲೇ. "ನಿಮ್ಮ ಭಾವಮೈದ ನಾನು ಹಾಕಿದ ಗಾಳನೆಲ್ಲ ಕಿತ್ತು ಗಟ್ಟಿ ಗಾಳ ಹಾಕ್ಕೊತಾನಂತೆ!" ಎಂದು ಕೂಗಾಡಿದಳು.

"ಹೌದಾ? ಒಂದು ಉಳಿದಿದ್ರೆ ನನ್ನ ಬೆನ್ನಿಗೂ ಹಾಕಿಸ್ಕೊಡು," ಎಂದ ಅವನು. ಅವಳಿಗೆ ನಗು ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಇದು ಅಕ್ಕ ತಮ್ಮಂದಿರ ಜಗಳವಾಗಿ ನಾಲ್ಕು ದಿನದಲ್ಲಿ ಆರಿಹೋಗುತ್ತಿತ್ತು. ಆದರೆ ಸೋಮವಾರ ಮ್ಯಾನೇಜರು ಒಂದು ಕಾಗದ ಹಿಡಿದುಕೊಂಡು ಮೇಜಿನ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ. ಅಂದು ಬಹಳ ಹೊತ್ತು ಒರೆಸಿಕೊಂಡರು.

"ಹೆಡ್ಡಾಫೀಸಿಂದ ಬಂದಿದೆ. ಮುಂದಿನ ತಿಂಗಳಿಂದ ಮರಿಗಳನ್ನ ಗಾಳ ಇಲ್ಲದೇ ಕಳಿಸಬೇಕಂತೆ. ಗಿರಾಕಿಗಳು ಹೇಗಿದ್ರೂ ಕಿತ್ತು ಬಿಸಾಕ್ತಾರೆ, ನಾವು ಯಾಕೆ ಹಾಕ್ಬೇಕು ಅಂತ."

"ಹಾಗಾದ್ರೆ ನಾವು?" ಎಂದಳು ಪುಟ್ಟಿ. ಆರು ಜನರಲ್ಲಿ ಕಿರಿಯಳು ಇವಳು, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ.

ಮ್ಯಾನೇಜರು ಮತ್ತೆ ಕನ್ನಡಕ ಒರೆಸಿದರು. ಪ್ಯಾಕಿಂಗಿಗೆ ಯಂತ್ರ ಬಂದಾಗಿದೆ, ಬಣ್ಣದ ಕಡೆ ಜಾಗವಿಲ್ಲ. ಅಂದರೆ ಆರು ಜನರೂ ಮನೆಗೆ. ಶುಕ್ರವಾರ ಹೆಡ್ಡಾಫೀಸಿನ ಮೇಡಂ ಬರುತ್ತಾರೆ, ನೋಡಿಕೊಂಡು ಕೊನೆಯ ಮಾತು ಹೇಳುತ್ತಾರೆ. ಮೇಜಿನ ಪರವಾಗಿ ಒಬ್ಬರಿಗೆ ಮಾತಾಡಲು ಬಿಡಿ ಎಂದು ನಾನೇ ಕೇಳಿಕೊಂಡಿದ್ದೇನೆ ಎಂದರು.

ಆ ಒಬ್ಬರು ಯಾರು ಎಂದು ಯೋಚಿಸುವಂತೆಯೇ ಇರಲಿಲ್ಲ. ಗೊಣಗಮ್ಮ ಗಾಳದಕ್ಕನ ಕಡೆ ಬೆರಳು ತೋರಿಸಿದಳು. ಈ ಗೊಣಗಮ್ಮ ಎಲ್ಲರಿಗಿಂತ ಹಿರಿಯಳು. ಫ್ಯಾನು ತಿರುಗಿದರೆ ಚಳಿ ಎಂದು, ನಿಂತರೆ ಸೆಕೆ ಎಂದು ಗೊಣಗುವವಳು. "ನೀನೇ ಮಾತಾಡೇ. ನಿನ್ನ ತಮ್ಮ ಮೀನು ಹಿಡಿಯೋನಲ್ವಾ? ಅವನ ಕಡೆಯವರ ಹತ್ರ ಒಂದು ಕಾಗದ ಬರೆಸ್ಕೊಂಡು ಬಾ. ಕಾರ್ಖಾನೆ ಗಾಳವೇ ಚೆನ್ನಾಗಿದೆ, ನಾವ್ಯಾರೂ ಕೀಳಲ್ಲ ಅಂತ. ಅಲ್ಲಿಗೆ ಮುಗೀತು."

ಉಳಿದ ನಾಲ್ವರೂ ಅವಳ ಮುಖ ನೋಡಿದರು. ಬಿಸ್ಕತ್ತಿನ ಡಬ್ಬದ ಸುದ್ದಿ ಗಾಳದಕ್ಕನ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. "ಆಗ್ಲಿ," ಎಂದುಬಿಟ್ಟಳು.

ಸಂಜೆ ತಮ್ಮನ ಮುಂದೆ ಹೋಗಿ ನಿಂತಳು. ಹಿಂದಿನ ದಿನದಿಂದ ಮಾತು ಬಿಟ್ಟಿದ್ದವಳು ಬಂದದ್ದು ನೋಡಿ ಅವನಿಗೆ ಗಾಬರಿ. ವಿಷಯ ಕೇಳಿ ಇನ್ನೂ ಗಾಬರಿಯಾದ. "ಮೇಜು ಹೋದ್ರೆ ನಮ್ಮನೆ ಕಥೆ ಗೊತ್ತಲ್ಲ ನಿನಗೆ. ನಿನ್ನ ಮುಂದೆ ಯಾವತ್ತೂ ಕೈಯೊಡ್ಡಿದವಳಲ್ಲ ನಾನು. ಒಂದು ಕಾಗದ ಬರೆದು ಸಹಿ ಮಾಡಿಸ್ಕೊಡು," ಎಂದಳು.

ತಮ್ಮ ತಲೆ ಕೆರೆದುಕೊಂಡ. "ನಾಡಿದ್ದು ನನಗೆ ರಜೆ. ನೀನೂ ಒಂದಿನ ರಜೆ ಹಾಕಿ ನನ್ನ ಜೊತೆ ಕೆರೆಗೆ ಬಾ ಅಕ್ಕ. ನೀನು ಹಾಕಿದ ಗಾಳ ನಿನ್ನ ಕೈಯಲ್ಲೇ ಇರ್ಲಿ. ನೀನೇ ನೋಡು, ಆಮೇಲೆ ನೀನು ಹೇಳಿದ ಹಾಗೆ."

ಬುಧವಾರ ಬೆಳಿಗ್ಗೆ ಇಬ್ಬರೂ ಕೆರೆಯ ದಂಡೆಯಲ್ಲಿದ್ದರು. ತಮ್ಮ ಅವಳ ಕೈಗೆ ಕೋಲು ಕೊಟ್ಟು, ಹೀಗೆ ಬೀಸಬೇಕು, ಹೀಗೆ ಬಿಡಬೇಕು ಎಂದು ತೋರಿಸಿದ. ಅವಳು ಬೀಸಿದ ಮೊದಲ ಏಟಿಗೆ ಮರಿ ನೀರಿಗೆ ಹೋಗಲಿಲ್ಲ, ತಮ್ಮನ ಟೋಪಿಯನ್ನು ಹಾರಿಸಿಕೊಂಡು ಪೊದೆಗೆ ಹೋಯಿತು. "ದೇವರೇ, ಕಿವಿ ಉಳೀತು!" ಎಂದು ಅವನು ದೂರ ಸರಿದು ನಿಂತ. ಎಂಟು ಹತ್ತು ಸಲ ಬೀಸಿದ ಮೇಲೆ ಮರಿ ನೀರಿಗೆ ಬೀಳತೊಡಗಿತು. ಅದು ಬಾಲ ಕುಣಿಸುತ್ತ ದಡದತ್ತ ಬರುವುದನ್ನು ನೋಡಿ ಗಾಳದಕ್ಕನಿಗೆ ಖುಷಿಯೋ ಖುಷಿ. ಕಾರ್ಖಾನೆಯ ಸಿಮೆಂಟ್ ತೊಟ್ಟಿಯಲ್ಲಿ ಪೆಟ್ಟಿಗೆಗೆ ಒಂದರಂತೆ ಮರಿ ಈಜಿಸಿ ಪರೀಕ್ಷೆ ಮಾಡುವುದನ್ನು ಅವಳು ದಿನಾ ಕಿಟಕಿ ಪಕ್ಕದಿಂದ ನೋಡಿದವಳೇ. ಆದರೆ ಇಷ್ಟು ದೊಡ್ಡ ನೀರಿನಲ್ಲಿ ತನ್ನ ಮರಿಯನ್ನು ನೋಡಿದ್ದು ಇದೇ ಮೊದಲು.

ಪಕ್ಕದಲ್ಲಿ ತಮ್ಮನ ಮರಿಯೂ ಬರುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಏನೋ ಇದು, ನಿಂದು ಈಜ್ತಾನೇ ಇಲ್ಲ! ತಲೆ ಕೆಳಗೆ ಹಾಕ್ಕೊಂಡು ಕಡ್ಡಿ ಎಳ್ಕೊಂಡು ಬಂದ ಹಾಗೆ ಬರ್ತಿದೆ. ನಮ್ಮ ತೊಟ್ಟೀಲಾಗಿದ್ರೆ ಇಡೀ ಪೆಟ್ಟಿಗೆ ವಾಪಸ್. ಗಾಳ ಭಾರ ಆಯ್ತು ಕಣೋ ಇದಕ್ಕೆ."

ತಮ್ಮ ಬಗ್ಗಿ ನೋಡಿದ. ಎರಡನ್ನೂ ಅಕ್ಕಪಕ್ಕ ಈಜಿಸಿ ನೋಡಿದ. "ಅದಕ್ಕೇ ಈಚೆಗೆ ಕಚ್ಚೋದೇ ಕಮ್ಮಿ ಆಗಿದ್ಯಾ?" ಎಂದು ತನಗೆ ತಾನೇ ಹೇಳಿಕೊಂಡ. ಅಕ್ಕ ಗೆದ್ದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಪೆನ್ನು ಕಾಗದ ಇಲ್ಲೇ ತರಬೇಕಿತ್ತು ಎಂದೂ ಹೇಳಿದಳು.

ಇನ್ನೊಮ್ಮೆ ಬೀಸಿದಾಗ ಕೋಲು ಬಿಲ್ಲಿನಂತೆ ಬಗ್ಗಿತು. ಗಾಳದಕ್ಕ ಕಿರುಚಿದಳು. ದಾರ ಸರ್ರನೆ ಬಿಚ್ಚಿಕೊಂಡು ಹೋಗುತ್ತಿತ್ತು. "ಬಿಡ್ಬೇಡ! ಎಳೀಬೇಡ! ಬಿಡು ಸ್ವಲ್ಪ! ಈಗ ಎಳಿ!" ಎಂದು ತಮ್ಮ ನಾಲ್ಕು ಕಡೆಯಿಂದ ಕುಣಿದ. ದೂರದಲ್ಲಿ ಮೀನು ಒಮ್ಮೆ ಮೇಲೆ ಬಂದು ಹೊರಳಿತು. ಅಬ್ಬಾ, ಅದರ ಬೆನ್ನೇ ಅವಳ ತೋಳಿನಷ್ಟಿತ್ತು. ತನ್ನ ಕೈಯಿಂದ ಸಿಕ್ಕಿಸಿದ ಗಾಳದ ಆಚೆ ತುದಿಯಲ್ಲಿ ಒಂದು ಜೀವ ಎಳೆದಾಡುತ್ತಿರುವುದು ಮೊಣಕೈವರೆಗೂ ತಿಳಿಯುತ್ತಿತ್ತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ದಡಕ್ಕೆ ಹತ್ತು ಮಾರು ಇರುವಾಗ ದಾರ ಒಮ್ಮೆಲೇ ಸಡಿಲವಾಯಿತು. ಕೋಲು ನೆಟ್ಟಗಾಯಿತು.

ಮರಿಯನ್ನು ಎಳೆದುಕೊಂಡು ನೋಡಿದರೆ, ಹೊಟ್ಟೆಯ ಗಾಳದ ಎರಡು ಮೊನೆ ಸೂಜಿಯ ಹಾಗೆ ನೆಟ್ಟಗೆ ಬಿಚ್ಚಿಕೊಂಡಿದ್ದವು. ಬೆರಳಿಗೆ ಒತ್ತಿ ನೋಡಿದಳು. ಮೊನೆ ಈಗಲೂ ಚೂಪಾಗಿಯೇ ಇತ್ತು.

ತಮ್ಮ ಅವಳ ಕೈಯಿಂದ ಕೋಲು ತೆಗೆದುಕೊಂಡ. ಅವಳು ದಂಡೆಯ ಕಲ್ಲಿನ ಮೇಲೆ ಕುಸಿದು ಕೂತಳು. "ಹತ್ತೊಂಬತ್ತು ವರ್ಷ ಕಣೋ. ಉಗುರಿಗೆ ಉಜ್ಜಿ ಉಜ್ಜಿ ನೋಡಿದ್ವಿ. ಆರು ಜನರಲ್ಲಿ ಒಬ್ಳೂ ಒಂದು ಸಲ ಎಳೆದು ನೋಡ್ಲಿಲ್ಲ. ಎಳೀಬೇಕು ಅಂತ ಹೊಳೀಲೇ ಇಲ್ವಲ್ಲೋ."

"ಎಳೆದು ನೋಡಿ ಅಂತ ನಿಮಗೆ ಯಾರೂ ಹೇಳಿರ್ಲಿಲ್ಲ ಅಕ್ಕ."

"ಯಾರಾದ್ರೂ ಹೇಳ್ಬೇಕಾ? ನಾನೇನು ಮಗುವಾ?"

ಗುರುವಾರ ಸಂಜೆ ಡ್ಯೂಟಿ ಮುಗಿಸಿ ಬಂದ ತಮ್ಮ ಒಂದು ಮಡಿಸಿದ ಕಾಗದವನ್ನು ಅವಳ ಕೈಗಿಟ್ಟ. ಕಾರ್ಖಾನೆಯ ಗಾಳ ಬಹಳ ಉತ್ತಮವಾಗಿದೆ, ನಾವು ಅದನ್ನೇ ಬಳಸುತ್ತೇವೆ ಎಂದು ದುಂಡಗೆ ಬರೆದಿತ್ತು. ಕೆಳಗೆ ಹನ್ನೊಂದು ಸಹಿ. ಮೊದಲ ಸಹಿ ಅವನದೇ.

"ಸುಳ್ಳಲ್ವೇನೋ ಇದು?"

"ಸುಳ್ಳೇ. ಮೀನು ಹಿಡಿಯೋರಿಗೆ ಸುಳ್ಳು ಹೊಸದಾ? ತಪ್ಪಿಸ್ಕೊಂಡ ಮೀನಿನ ಉದ್ದ ಹೇಳುವಾಗ ನಮ್ಮನ್ನ ನೋಡ್ಬೇಕು ನೀನು." ಆಮೇಲೆ ನಗು ನಿಲ್ಲಿಸಿ ಹೇಳಿದ, "ನಿನ್ನ ಕೆಲಸಕ್ಕಿಂತ ನನಗೆ ಗಾಳ ಹೆಚ್ಚಲ್ಲ ಅಕ್ಕ."

ಅವಳು ಅವನ ತಲೆ ನೇವರಿಸಿದಳು. ನಲವತ್ತು ದಾಟಿದ, ಅರ್ಧ ಬೋಳಾದ ತಲೆ.

ಶುಕ್ರವಾರ ಮೇಡಂ ಬಂದರು. ದೊಡ್ಡ ಗತ್ತಿನವರಿರಬಹುದು ಎಂದುಕೊಂಡಿದ್ದರೆ, ಬಂದವರು ಸಣಕಲು ಹೆಂಗಸು, ರೈಲಿನಲ್ಲಿ ನಿದ್ದೆಗೆಟ್ಟ ಕಣ್ಣು. "ಹೇಳಿ," ಎಂದರು. ಗಾಳದಕ್ಕನ ಚೀಲದಲ್ಲಿ ಕಾಗದವಿತ್ತು, ಕರವಸ್ತ್ರದಲ್ಲಿ ಬಿಚ್ಚಿಕೊಂಡ ಗಾಳವಿತ್ತು. ಗೊಣಗಮ್ಮ ಹಿಂದಿನಿಂದ ತಿವಿದು, "ಕಾಗದ ತೆಗಿಯೇ," ಎಂದು ಪಿಸುಗುಟ್ಟಿದಳು. ಗಾಳದಕ್ಕ ಚೀಲಕ್ಕೆ ಕೈ ಹಾಕಿದಳು. ಹನ್ನೊಂದು ಜನರ ಸಹಿ ಬೆರಳಿಗೆ ತಾಗಿತು. ಅದನ್ನು ಕೊಟ್ಟರೆ ಮೇಜು ಉಳಿಯುತ್ತದೆ, ನಾಳೆಯಿಂದ ಮತ್ತೆ ಅದೇ ತೆಳು ತಂತಿಯನ್ನು ಉಗುರಿಗೆ ಉಜ್ಜಿ ಪಾಸು ಮಾಡುತ್ತಾ ಕೂರಬೇಕು. ಅವಳಿಂದ ಆಗಲಿಲ್ಲ. ಕರವಸ್ತ್ರ ಬಿಚ್ಚಿ ಗಾಳವನ್ನು ಮೇಜಿನ ಮೇಲಿಟ್ಟಳು.

"ಇದು ನಾನೇ ಹಾಕಿದ ಗಾಳ ಮೇಡಂ. ಮೊನ್ನೆ ನನ್ನ ಕೈಯಲ್ಲೇ ಬಿಚ್ಕೊಂಡು ಮೀನು ಹೋಯ್ತು. ನನ್ನ ಸ್ವಂತ ತಮ್ಮನೇ ನಮ್ಮ ಗಾಳ ಕಿತ್ತು ಹಾಕ್ತಾನೆ. ಅವನು ಮಾಡೋದು ಸರಿ."

ಮೇಡಂ ಪೆಟ್ಟಿಗೆಯಿಂದ ಹೊಸದೊಂದು ಗಾಳ ತೆಗೆದು, ಮೇಜಿನ ಮೊಳೆಗೆ ಸಿಕ್ಕಿಸಿ, ಇಕ್ಕಳದಿಂದ ಎಳೆದರು. ಅದೂ ನೆಟ್ಟಗಾಯಿತು.

"ಆದ್ರೆ ಪೂರ್ತಿ ಸರಿಯಲ್ಲ," ಎಂದಳು ಗಾಳದಕ್ಕ. "ಅವನು ಹಾಕೋ ಗಟ್ಟಿ ಗಾಳಕ್ಕೆ ಮರಿ ಮುಳುಗತ್ತೆ. ಅವನ ಮರಿ ಒಂದು ತಂದಿದೀನಿ, ಬೇಕಾದ್ರೆ ತೊಟ್ಟೀಲಿ ಬಿಟ್ಟು ತೋರಿಸ್ತೀನಿ. ಗಟ್ಟಿಯೂ ಇರ್ಬೇಕು, ಮರಿ ತಡೆಯೋ ತೂಕವೂ ಇರ್ಬೇಕು. ಯಾವ ಮರಿ ಎಷ್ಟು ತಡೆಯತ್ತೆ ಅಂತ ಈ ಆರು ಜನರ ಕೈಗೆ ಗೊತ್ತು. ನೀವು ಗಾಳ ಇಲ್ದೆ ಕಳಿಸಿದ್ರೆ ಗಿರಾಕಿ ತನಗೆ ತೋಚಿದ್ದು ಹಾಕ್ತಾನೆ, ಮರಿ ಈಜಲ್ಲ, ಆಮೇಲೆ ಮರಿಯನ್ನೇ ಬೈತಾನೆ. ಮೇಜು ತೆಗೀಬೇಡಿ ಮೇಡಂ. ಗಾಳ ಬದಲಾಯ್ಸಿ."

"ಇಷ್ಟು ವರ್ಷ ಕೆಟ್ಟ ಗಾಳ ಹಾಕಿದ್ವಿ ಅಂತ ನೀವೇ ಒಪ್ಕೊತಿದೀರಿ. ಯೋಚಿಸಿ ಹೇಳ್ತಿದೀರಾ?"

"ಯೋಚಿಸಿಯೇ ಹೇಳ್ತಿದೀನಿ."

ತೊಟ್ಟಿಯ ಹತ್ತಿರ ಹೋದರು, ನೋಡಿದರು. ಬಿಚ್ಚಿಕೊಂಡ ಎರಡೂ ಗಾಳವನ್ನು ಲಕೋಟೆಗೆ ಹಾಕಿಕೊಂಡು, ತಿಳಿಸುತ್ತೇವೆ ಎಂದಷ್ಟೇ ಹೇಳಿ ಮೇಡಂ ಹೊರಟುಹೋದರು.

ಅವರು ಗೇಟು ದಾಟಿದ್ದೇ ತಡ, ಗೊಣಗಮ್ಮ ತಿರುಗಿಬಿದ್ದಳು. ಆಗ ಅವಳು ಗೊಣಗಲಿಲ್ಲ. ಇಡೀ ಕಾರ್ಖಾನೆಗೆ ಕೇಳುವಂತೆ ಕೂಗಿದಳು. "ನಿನ್ನನ್ನ ಮಾತಾಡೋಕೆ ಕಳಿಸಿದ್ದು ನಮ್ಮ ಹೊಟ್ಟೆ ಮೇಲೆ ಹೊಡೆಯೋಕಾ? ಕಾಗದ ಚೀಲದಲ್ಲೇ ಇತ್ತಲ್ಲೇ! ನಿನಗೆ ದೊಡ್ಡ ಹೆಸರು ಬೇಕಿತ್ತು, ತಗೋ!" ಗಾಳದಕ್ಕ ತಲೆ ತಗ್ಗಿಸಿ ಇಕ್ಕಳ ಎತ್ತಿಕೊಂಡಳು.

ಆ ಸಂಜೆ ತಮ್ಮ ಓಡಿಸುವ ಬಸ್ಸಿಗೇ ಎಲ್ಲರೂ ಹತ್ತಿದರು. ಐವರೂ ಹಿಂದೆ ಹೋಗಿ ಒತ್ತೊತ್ತಾಗಿ ನಿಂತರೇ ಹೊರತು ಅವಳ ಪಕ್ಕದ ಖಾಲಿ ಸೀಟಿಗೆ ಯಾರೂ ಕೂರಲಿಲ್ಲ. ತಮ್ಮ ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದ. ಮರುದಿನದಿಂದ ಊಟದ ಡಬ್ಬಿಗಳೂ ಬೇರೆಯಾದವು. ಅವರು ಮೆಟ್ಟಿಲ ಮೇಲೆ, ಇವಳು ಕೈ ತೊಳೆಯುವ ನಲ್ಲಿಯ ಪಕ್ಕ.

ಒಂದು ವಾರ ಕಳೆಯಿತು, ಹೆಡ್ಡಾಫೀಸಿನಿಂದ ಸೊಲ್ಲಿಲ್ಲ. ಎರಡನೆಯ ವಾರ ಪುಟ್ಟಿ ಬರಲಿಲ್ಲ. ಮೇಜು ಮುಳುಗುವುದು ಖಂಡಿತ ಎಂದುಕೊಂಡು ಚೀಲ ಹೊಲಿಯುವ ಬೇರೊಂದು ಕಾರ್ಖಾನೆಗೆ ಸೇರಿಕೊಂಡಳಂತೆ. ದೂರವೂ ಹೆಚ್ಚು, ಸಂಬಳವೂ ಕಡಿಮೆಯಂತೆ. ಎಲ್ಲರಿಗೂ ಹೇಳಿ ಹೋಗಿದ್ದಳು, ಗಾಳದಕ್ಕನೊಬ್ಬಳನ್ನು ಬಿಟ್ಟು. "ಆ ಹುಡುಗಿ ಹೋಗಿದ್ದು ಇವಳಿಂದ," ಎಂದು ಗೊಣಗಮ್ಮ ಗೋಡೆಗೆ ಹೇಳಿದಳು. ಗೋಡೆ ಕೇಳಿತೋ ಇಲ್ಲವೋ, ಗಾಳದಕ್ಕನಿಗಂತೂ ಕೇಳಿಸಿತು.

ಮನೆಗೆ ಬಂದು ಗಂಡನ ಪಕ್ಕ ಕೂತು, "ನಾನು ತಪ್ಪು ಮಾಡಿದ್ನಾ?" ಎಂದಳು.

"ಗೊತ್ತಿಲ್ಲ ಕಣೇ. ಆ ಕಾಗದ ಕೊಟ್ಟಿದ್ರೆ ನಿನಗೆ ಊಟ ಸೇರ್ತಿರ್ಲಿಲ್ಲ, ಅಷ್ಟು ಗೊತ್ತು."

"ಈಗೇನು ಸೇರ್ತಿದೆಯಾ?"

"ಅದೂ ನಿಜ," ಎಂದ ಅವನು. ಕಷ್ಟಪಟ್ಟು ಮಗ್ಗುಲಾಗಿ ಅವಳ ಕೈ ಹಿಡಿದುಕೊಂಡ.

ಮೂರನೆಯ ವಾರ ಮಂಗಳವಾರ ಮ್ಯಾನೇಜರು ಮೇಜಿನ ಹತ್ತಿರ ಬಂದರು. ಕನ್ನಡಕ ಒರೆಸಿಕೊಳ್ಳಲಿಲ್ಲ, ಏಕೆಂದರೆ ಎರಡೂ ಕೈಯಲ್ಲಿ ಪೆಟ್ಟಿಗೆಗಳಿದ್ದವು. ಮೇಜಿನ ಮೇಲಿಟ್ಟು ಏದುಸಿರು ಬಿಟ್ಟರು. "ಹೊಸ ಗಾಳ. ಆರು ತೂಕದ್ದು ಕಳಿಸಿದಾರೆ. ಯಾವ ಮರಿಗೆ ಯಾವುದು ಅಂತ ನೀವೇ ಗೊತ್ತು ಮಾಡ್ಬೇಕಂತೆ. ಆರು ತಿಂಗಳು ನೋಡ್ತಾರೆ, ನಡೆದ್ರೆ ಮೇಜು ಇರತ್ತೆ. ಆರೂ ಜನಕ್ಕೂ ಕೆಲಸ ಇದೆ."

ಗೊಣಗಮ್ಮ ಪೆಟ್ಟಿಗೆ ಹರಿದು ಒಂದು ಗಾಳ ಎತ್ತಿಕೊಂಡಳು. ಅಭ್ಯಾಸಬಲದಿಂದ ಉಗುರಿನ ಮೇಲೆ ಎಳೆದಳು, ಕಚ್ಚಿಕೊಂಡಿತು. ಆಮೇಲೆ ಅದನ್ನು ಮೇಜಿನ ಮೊಳೆಗೆ ಸಿಕ್ಕಿಸಿ, ಇಕ್ಕಳದಿಂದ ಹಿಡಿದು, ಮೇಜಿನ ಕಾಲಿಗೆ ತನ್ನ ಕಾಲು ಕೊಟ್ಟು ಎಳೆದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಮೇಜೇ ನಾಲ್ಕು ಬೆರಳು ಸರಿಯಿತು. ಗಾಳ ಬಿಚ್ಚಲಿಲ್ಲ.

ಅವಳು ಇಕ್ಕಳ ಕೆಳಗಿಟ್ಟು ಬೆವರು ಒರೆಸಿಕೊಂಡಳು. ಹದಿನೆಂಟು ದಿನದ ಮೇಲೆ ಮೊದಲ ಸಲ ಗಾಳದಕ್ಕನ ಮುಖ ನೋಡಿದಳು.

"ನಿನ್ನ ತಮ್ಮನಿಗೆ ಹೇಳು. ಇದನ್ನೇನಾದ್ರೂ ಕಿತ್ತ ಅಂದ್ರೆ ಬಸ್ಸಿಂದ ಕೆಳಗಿಳಿಸಿ ಬಾರಿಸ್ತೀನಿ."

ಗಾಳದಕ್ಕ ನಗಲು ಹೋದಳು. ನಗುವಿನ ಬದಲು ಅಳುವೇ ಬಂತು, ಹದಿನೆಂಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೆ. ತುಂಬಿದ ಮೇಜಿನ ಮುಂದೆ, ಮ್ಯಾನೇಜರ ಎದುರಿಗೇ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

"ಸಾಕು ಮಾಡೇ, ಗಾಳಕ್ಕೆ ತುಕ್ಕು ಹಿಡಿಯತ್ತೆ," ಎಂದು ಗೊಣಗಿದಳು ಗೊಣಗಮ್ಮ. ಅವಳ ದನಿಯೂ ನೆಟ್ಟಗಿರಲಿಲ್ಲ. "ಸಾಯಂಕಾಲ ಪುಟ್ಟಿ ಮನೆಗೆ ಹೋಗಿ ಅವಳನ್ನ ವಾಪಸ್ ಕರ್ಕೊಂಡು ಬರ್ಬೇಕು. ನೀನೊಬ್ಳೇ ಹೋದ್ರೆ ಬಾಗಿಲು ತೆಗೆಯಲ್ಲ ಅವಳು. ನಾನೂ ಬರ್ತೀನಿ, ನಡಿ."